ಮೂರನೆಯ ಹಿಮ

ಸಲ್ತ್
೩ ಜನವರಿ ೧೯೯೨

ಹಿಯಾಮಳಿಗೆ,

ನಿನಗೂ, ನಿನ್ನ ಗಂಡನಿಗೂ, ನಿನ್ನ ತಾಯಿಗೂ, ಮಗು ರಾಕಾನನಿಗೂ ಸಲಾಮು.

ನಿನ್ನೆ ನಸುಕಿನಿಂದ ಮಧ್ಯಾಹ್ನದವರೆಗೆ ಊರಿನಲ್ಲಿ ಹಿಮ ಸುರಿಯಿತು. ಶಾಲೆಯ ಅಂಗಳದಲ್ಲಿ ಅದರ ಆಳ ಹನ್ನೊಂದು ಸೆಂಟಿಮೀಟರು. ಮಳೆಮಾಪಕದಲ್ಲಿ ಸಿಕ್ಕಿದ್ದನ್ನು ಇಂದು ಬೆಳಿಗ್ಗೆ ಎಂಟಕ್ಕೆ ಕರಗಿಸಿ ಅಳೆದೆ: ಹತ್ತು ಮಿಲಿಮೀಟರು. ಈ ಕೆಲಸದ ಕ್ರಮವನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯೆ. ಮಗು ಕೇಳಿದರೆ ಹೇಳು. ಹಿಮವನ್ನು ಹಿಮವಾಗಿ ಹವಾಮಾನ ಇಲಾಖೆ ಒಪ್ಪಿಕೊಳ್ಳುವುದಿಲ್ಲ. ಅದರ ಮೇಲೆ ಅಳೆದ ಬಿಸಿನೀರನ್ನು ಸುರಿದು, ಪೂರ್ತಿ ಕರಗಿದ ಮೇಲೆ ಒಟ್ಟು ನೀರನ್ನು ಅಳೆದು, ನಾವು ಸುರಿದಷ್ಟನ್ನು ಕಳೆಯಬೇಕು. ಉಳಿದದ್ದು ಆಕಾಶದ್ದು.

ಶಾಲೆಗೆ ರಜೆ ಕೊಟ್ಟೆ. ಕೊಟ್ಟ ಮೇಲೂ ಹುಡುಗರು ಬಂದರು. ರಜೆಯ ದಿನ ಶಾಲೆಗೆ ಬರುವಷ್ಟು ಶ್ರದ್ಧೆ ಅವರಲ್ಲಿ ಉಂಟೆಂದು ಇಪ್ಪತ್ತೆರಡು ವರ್ಷ ಹೆಡ್‌ಮಾಸ್ಟರನಾಗಿದ್ದೂ ನನಗೆ ಗೊತ್ತಿರಲಿಲ್ಲ. ಶಾಲೆಯ ಕಾವಲುಗಾರ ಅಬೂ ಹಮ್ದಾನ್ ಕಿಟಕಿಯ ಹೊರಗಿನಿಂದ ಕೂಗಿದ: "ಮೇಷ್ಟ್ರೇ, ನಿಮ್ಮ ಮಳೆಡಬ್ಬಿ ಬಿಳಿ ಟೋಪಿ ಹಾಕ್ಕೊಂಡು ಮದುವೆ ಗಂಡಿನ ಹಾಗೆ ನಿಂತಿದೆ, ನೋಡಿ ಬನ್ನಿ!" ನಾನು ಹೊರಗೆ ಹೋಗುವಷ್ಟರಲ್ಲಿ ಗಣಿತದ ಮೇಷ್ಟ್ರ ಬೆನ್ನಿಗೆ ಒಂದು ಹಿಮದ ಉಂಡೆ ಬಿದ್ದಿತ್ತು. ಎಸೆದವರು ಯಾರೆಂದು ವಿಚಾರಿಸಿದೆ. "ಗಾಳಿ, ಸಾರ್" ಎಂದ ಒಬ್ಬ. ಗಾಳಿಯ ಮೇಲೆ ನಾನು ಶಿಸ್ತುಕ್ರಮ ಕೈಗೊಳ್ಳಲಿಲ್ಲ.

ಪಕ್ಕದ ಮನೆಯ ಮಕ್ಕಳು ಹಿಮವನ್ನು ಬಟ್ಟಲಲ್ಲಿ ತುಂಬಿಕೊಂಡು ಅದರ ಮೇಲೆ ದ್ರಾಕ್ಷಿಯ ಜೋನಿಬೆಲ್ಲ ಸುರಿಯುತ್ತಿದ್ದರು. ಅವರ ಅಜ್ಜಿ ಮಾಳಿಗೆಯ ಮೇಲೆ ಬಂದು ಗದರಿದಳು: "ಮೊದಲನೇ ಹಿಮ ವಿಷ, ಎರಡನೇದು ರಕ್ತ, ಮೂರನೇದು ಬಂದ್ರೆ ತಿನ್ರೋ, ಭಯ ಬಿಟ್ಟು! ಚೆಲ್ಲಿ, ಚೆಲ್ಲಿ!" ನಮ್ಮ ಮನೆಯ ನಿಯಮವೂ ಅದೇ ಆಗಿತ್ತು. ಮೊದಲ ಹಿಮ ಗಾಳಿಯ ಧೂಳನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಹಿರಿಯರ ಮಾತಿನಲ್ಲಿ ತರ್ಕವಿದೆ. ಮೂರನೆಯದು ಈ ಊರಿಗೆ ಯಾವ ವರ್ಷವೂ ಬರುವುದಿಲ್ಲವೆಂಬುದು ಬೇರೆ ವಿಷಯ.

ಅಕಾಬದ ಬಿಸಿಲು ನಿನ್ನ ತಾಯಿಯ ಮಂಡಿಗೆ ಒಳ್ಳೆಯದು, ಅದಕ್ಕೆ ಪ್ರತಿ ಚಳಿಗಾಲ ಮಗಳ ಮನೆಗೆ ಹೋಗುತ್ತಾಳೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳಿದವರೂ ನಂಬಿದಂತೆ ತಲೆಯಾಡಿಸುತ್ತಾರೆ.

ಪತ್ರವನ್ನು ಲಾರಿಯ ಔದೆಯ ಕೈಗೆ ಕೊಡುತ್ತಿದ್ದೇನೆ. ವಾರಕ್ಕೊಮ್ಮೆ ಬಂದರಿಗೆ ಹೋಗುವ ಅವನು ಅಂಚೆಗಿಂತ ವೇಗ.

ಮುಫ್ಲಿಹ್


ಅಕಾಬ
೧೪ ಜನವರಿ ೧೯೯೨

ಅಪ್ಪನಿಗೆ ಸಲಾಮು.

ಪತ್ರ ಸಿಕ್ಕಿತು. ಇಲ್ಲಿ ಬಿಸಿಲು. ಇವರು ಬಂದರಿನಿಂದ ಬರುವಾಗ ಅಂಗಿಯ ತೋಳು ಮಡಚಿಕೊಂಡೇ ಬರುತ್ತಾರೆ. ರಾಕಾನ್ ಚಡ್ಡಿಯಲ್ಲಿ ಓಡಾಡುತ್ತಾನೆ. ಅಮ್ಮನ ಮಂಡಿ ಹಾಗೆಯೇ ಇದೆ. ಇಲ್ಲಿಯೂ ನೋಯುತ್ತದೆ, ಅಲ್ಲಿಯೂ ನೋಯುತ್ತಿತ್ತು.

ನಿಮ್ಮ ಪತ್ರದ ಹಿಮದ ಭಾಗವನ್ನು ರಾಕಾನನಿಗೆ ಓದಿ ಹೇಳಿದೆ. ಮಳೆಡಬ್ಬಿ ಮದುವೆ ಗಂಡಾದದ್ದನ್ನು ಮೂರು ಸಲ ಓದಿಸಿದ. ಆಮೇಲೆ ಅಜ್ಜಿಯ ಬಳಿ ಹೋಗಿ ಜಗಳ ತೆಗೆದ.

"ಅಜ್ಜೀ, ಹಿಮ ಬಿದ್ದಾಗ ಶಬ್ದ ಬರುತ್ತಾ?"

"ಇಲ್ಲ ಕಣೋ. ಶಬ್ದ ಇದ್ದಿದ್ದೂ ನಿಂತುಹೋಗುತ್ತೆ."

"ಸುಳ್ಳು. ಅಷ್ಟೆಲ್ಲ ಬಿದ್ರೆ ಶಬ್ದ ಬರಲೇಬೇಕು."

"ಆಯ್ತಪ್ಪಾ, ನೀನು ಥೇಟ್ ನಿಮ್ಮಜ್ಜನೇ. ಕಾಣದ ವಿಷಯಕ್ಕೂ ವಾದ ಮಾಡು."

ಅವನಿಗೆ ಐದು ವರ್ಷ ತುಂಬಿತು, ಅಪ್ಪ. ಹಿಮವನ್ನು ನೋಡಿಲ್ಲ. ನಿಮ್ಮ ಮನೆಯನ್ನೂ ನೋಡಿಲ್ಲ. ಇನ್ನೊಂದು ಸಲ ಹಿಮ ಬಿದ್ದರೆ ಅವನನ್ನು ಕರೆದುಕೊಂಡು ಬರಲೇ ಎಂದು ಕೇಳಲು ಈ ಪತ್ರ.

ಇದು ಎರಡನೆಯ ಪುಟ. ಇದನ್ನು ಬರೆಯದೆ ಮಡಚಿಡೋಣವೆಂದುಕೊಂಡೆ, ಆಗಲಿಲ್ಲ.

ಏಳು ವರ್ಷದಿಂದ ನಮ್ಮಿಬ್ಬರ ನಡುವೆ ಇರುವುದು ಹವಾಮಾನ ಒಂದೇ. ಎಷ್ಟು ಮಳೆ, ಯಾವ ದಿಕ್ಕಿನ ಗಾಳಿ. ನಿಮ್ಮ ಮನೆಯಲ್ಲಿ ಬೆಳೆದ ನಮಗೆ ಏನು ಬೇಕಿದ್ದರೂ ಊಟದ ಮೇಲೆ ವಾದ ಹೂಡಿ ಗೆಲ್ಲಬೇಕಿತ್ತು. ಒಬ್ಬೊಬ್ಬರಿಗೆ ಐದು ನಿಮಿಷ, ಲೋಟಕ್ಕೆ ಚಮಚದಿಂದ ಬಡಿದರೆ ಮುಗಿಯಿತು, ತೀರ್ಪು ನಿಮ್ಮದು. ನನಗೆ ನೆನಪಿರುವ ಮೊದಲ ವಾದ ಹತ್ತು ವರ್ಷದವಳಿದ್ದಾಗಿನದು. ಊರಿನವರೆಲ್ಲ ನಿಮ್ಮನ್ನು ಮಗನ ಹೆಸರಿನಿಂದ, ಅಬೂ ಸುಹೈಲ್, ಸುಹೈಲನ ಅಪ್ಪ, ಎಂದು ಕರೆಯುತ್ತಾರೆ. ಹಿರಿಯವಳು ನಾನು, ಅಬೂ ಹಿಯಾಮ್ ಎಂದೇಕೆ ಕರೆಯಬಾರದು ಎಂದು ಕೇಳಿದ್ದೆ. ನೀವು ಗಂಭೀರವಾಗಿ ಕೇಳಿಸಿಕೊಂಡು, "ವಾದ ಸರಿ, ಆದರೆ ರೂಢಿ ಬಲ" ಎಂದು ನನ್ನನ್ನು ಸೋಲಿಸಿದಿರಿ. ಸುಹೈಲ್ ತನ್ನ ಪಾಲಿನ ಕಿತ್ತಳೆಯನ್ನು ನನಗೆ ಕೊಟ್ಟ.

ಆ ಫೆಬ್ರವರಿಯ ದಿನ ಹಿಮ ಬಿದ್ದಾಗ ಅವನು ರಾಜಧಾನಿ ಅಮ್ಮಾನಿಗೆ ಹೋಗಬೇಕೆಂದ. ಕಲ್ಲಿನ ಹಳೆಯ ರಂಗಮಂದಿರದ ಮೆಟ್ಟಿಲೆಲ್ಲ ಬೆಳ್ಳಗಾಗಿರುತ್ತದೆ, ನೋಡಬೇಕು ಎಂದ. ಅವನಿಗೆ ನಿಮ್ಮ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ. ಅವನ ಪರವಾಗಿ ನಾನು ಮಾತಾಡಿದೆ. ಗೆದ್ದೆ. ಅವನು ಗೆಳೆಯನ ಪಿಕಪ್ಪಿನಲ್ಲಿ ಹೋದ. ಸಂಜೆ ವಾಪಸು ಬರುವಾಗ ಸುವೈಲಿಹ್ ತಿರುವಿನಲ್ಲಿ ಅದು ಜಾರಿತು. ಸಾವಿನ ಮನೆಯ ಮೂರನೆಯ ದಿನ, ಹೆಂಗಸರ ಕೋಣೆಯ ಬಾಗಿಲಲ್ಲಿ ನಿಂತು, ಎಲ್ಲರ ಎದುರು ನೀವು ಹೇಳಿದಿರಿ: "ಅವನನ್ನು ಕಳಿಸಿದ್ದು ಇವಳ ನಾಲಿಗೆ."

ಆ ಒಂದು ವಾಕ್ಯವನ್ನು ಇಟ್ಟುಕೊಂಡು ನಾನು ಮದುವೆಯಾದೆ, ಹೆತ್ತೆ, ಮನೆ ನಡೆಸುತ್ತಿದ್ದೇನೆ. ನಿಮಗೆ ಅದು ನೆನಪಿದೆಯೋ ಇಲ್ಲವೋ ಎಂಬುದು ಕೂಡ ನನಗೆ ಗೊತ್ತಿಲ್ಲ.

ಬರಲೇ?

ಹಿಯಾಮ್


ಸಲ್ತ್
೫ ಫೆಬ್ರವರಿ ೧೯೯೨

ಹಿಯಾಮಳಿಗೆ,

ಎಲ್ಲರಿಗೂ ಸಲಾಮು.

ಎರಡನೆಯ ಹಿಮ ಬಿದ್ದಿದೆ. ಮೊನ್ನೆ ರಾತ್ರಿ ಆರಂಭವಾದದ್ದು ನಿನ್ನೆ ಸಂಜೆಗೆ ನಿಂತಿತು. ಆಳ ಹದಿನೆಂಟು, ನೀರು ಹದಿನೇಳು. ಒಂದೇ ಚಳಿಗಾಲದಲ್ಲಿ ಎರಡು ಹಿಮ ಬಿದ್ದದ್ದು ಅಪರೂಪವೇ. ಅಬೂ ಹಮ್ದಾನ್ ನನ್ನ ದಾಖಲೆಯ ಪುಸ್ತಕದ ಮೇಲೆ ಬಗ್ಗಿ, "ಬರೀರಿ ಮೇಷ್ಟ್ರೇ, ಬರೀರಿ. ಫೆಬ್ರವರಿಗೆ ಹಗ್ಗ ಹಾಕಿ ಕಟ್ಟಿದೋರು ಯಾರೂ ಇಲ್ಲ, ನೀವು ಪೆನ್ಸಿಲಲ್ಲಿ ಕಟ್ಟಿ" ಎಂದ.

ಪೇಟೆಯಲ್ಲಿ ಹಬ್ಬದ ಗದ್ದಲ. ಗಂಡಸರು ಕುರಿತೊಗಲಿನ ನಿಲುವಂಗಿಗಳನ್ನು ಪೆಟ್ಟಿಗೆಯಿಂದ ತೆಗೆದು ಹೊದ್ದು, ತಮ್ಮ ಅಜ್ಜಂದಿರಂತೆ ಕಾಣುತ್ತ, ತಾವು ಕಂಡ ದೊಡ್ಡ ಹಿಮಗಳ ಬಗ್ಗೆ ಸುಳ್ಳು ಹೇಳುತ್ತಿದ್ದರು. ಬೇಕರಿಯವನ ತಂದೆಯ ಕಾಲದಲ್ಲಿ ಹಿಮ ಬಾಗಿಲಿನ ಎತ್ತರ ಬಿದ್ದಿತ್ತಂತೆ. ಔದೆ ಬಿಡಲಿಲ್ಲ: "ನಿಮ್ಮಪ್ಪ ಎಷ್ಟು ಕುಳ್ಳ ಅಂತ ಗೊತ್ತು ಕಣೋ, ಅವರಿಗೆ ಹೊಸ್ತಿಲೂ ಬಾಗಿಲೇ!" ನನ್ನನ್ನು ಕಂಡು ಎಲ್ಲರೂ ನಗು ತಗ್ಗಿಸಿದರು. "ಬನ್ನಿ ಅಬೂ ಸುಹೈಲ್, ಕೂತ್ಕೊಳ್ಳಿ, ಬಿಸಿ ಹಾಲಿನ ಸಹಲಬ್ ಕುಡೀರಿ" ಎಂದು ಜಾಗ ಮಾಡಿದರು. ನಾನು ಬಂದಾಗ ನಗು ತಗ್ಗುವುದು ಏಳು ವರ್ಷದ ರೂಢಿ. ಅವರಿಗೆ ತೊಂದರೆಯಾಗದಿರಲೆಂದು ಕುಡಿದು ಬೇಗ ಎದ್ದೆ.

ನಿನ್ನ ಪ್ರಶ್ನೆಗೆ ಉತ್ತರ: ಬರಬೇಡ. ಮೂರು ಕಾರಣಗಳನ್ನು ಕೊಡಬಲ್ಲೆ, ಒಂದೇ ಸಾಕು. ರಸ್ತೆ.

ಮಗುವಿಗೆ ಹಿಮದ ಬದಲು ಚಳಿಗಾಲದ ಒಂದು ಕಥೆಯನ್ನು ಕಳಿಸುತ್ತಿದ್ದೇನೆ, ಓದಿ ಹೇಳು. ಚಳಿಯ ನಲವತ್ತು ದಿನಗಳು ಕಳೆದ ಮೇಲೆ ಬರುವ ಈ ಐವತ್ತು ದಿನಗಳನ್ನು ನಾಲ್ಕು ಪಾಲು ಮಾಡಿ, ನಾಲ್ಕಕ್ಕೂ ಸಾದ್ ಎಂಬ ಹುಡುಗನ ಹೆಸರನ್ನು ಹಿರಿಯರು ಇಟ್ಟಿದ್ದಾರೆ. ಸಾದ್ ದೂರದ ಊರಿಗೆ ಹೊರಟಾಗ ಅವನ ತಂದೆ, "ಕಂಬಳಿ ತಗೋ, ಸೌದೆ ತಗೋ" ಎಂದ. ಆಕಾಶ ಶುಭ್ರವಾಗಿತ್ತು. ಹುಡುಗ ನಕ್ಕು ಬರಿಗೈಯಲ್ಲಿ ಹೊರಟ. ಅರ್ಧ ದಾರಿಯಲ್ಲಿ ಹಿಮಗಾಳಿ ಹಿಡಿಯಿತು. ಬೇರೆ ದಾರಿ ಕಾಣದೆ ತನ್ನ ಒಂಟೆಯನ್ನೇ ಕೊಯ್ದು ಅದರ ಹೊಟ್ಟೆಯೊಳಗೆ ಅಡಗಿ ಕುಳಿತ. ಈಗ ನಡೆಯುತ್ತಿರುವ ದಿನಗಳು ಅವೇ, ಕೊಯ್ದ ಸಾದನವು. ಮುಂದಿನ ಹನ್ನೆರಡು ದಿನ ನೆಲ ನೀರು ಕುಡಿಯುತ್ತದೆ, ಅದರ ಮುಂದಿನವುಗಳಲ್ಲಿ ಮರಕ್ಕೆ ರಸ ಏರುತ್ತದೆ, ಕೊನೆಯವುಗಳಲ್ಲಿ ಹಾವು ಹಲ್ಲಿಗಳು ಬಿಲದಿಂದ ಹೊರಬರುತ್ತವೆ. ಸಾದ್ ಬದುಕಿ ಮನೆಗೆ ಬರುತ್ತಾನೆ.

ನಿನ್ನ ಪತ್ರದ ಎರಡನೆಯ ಪುಟಕ್ಕೆ ಈ ಪತ್ರದಲ್ಲಿ ಉತ್ತರವಿಲ್ಲ. ಓದಿಲ್ಲವೆಂದು ತಿಳಿಯಬೇಡ.

ಸೀಮೆಎಣ್ಣೆ ಒಲೆಯ ಮೇಲೆ ಕಿತ್ತಳೆ ಸಿಪ್ಪೆ ಇಟ್ಟಿದ್ದೇನೆ. ಮನೆಯಲ್ಲಿ ಯಾರೋ ಇರುವಂಥ ವಾಸನೆ ಬರುತ್ತದೆ.

ಮುಫ್ಲಿಹ್


ಅಕಾಬ
೨೦ ಫೆಬ್ರವರಿ ೧೯೯೨

ಅಪ್ಪನಿಗೆ,

ಇಂದು ಯಾವ ದಿನವೆಂದು ಬರೆಯಬೇಕಾಗಿಲ್ಲ. ಅಮ್ಮ ಬೆಳಿಗ್ಗೆಯೇ ಗೋಧಿ ಬೇಯಿಸಿ, ಸಕ್ಕರೆ ಬೆರೆಸಿ, ಸುಹೈಲನ ಹೆಸರಿನಲ್ಲಿ ಬೀದಿಯ ಮಕ್ಕಳಿಗೆಲ್ಲ ಹಂಚಿ ಬಂದಳು. ಬಂದವಳು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ನೀವು ಕಳಿಸಿದ ಕಥೆಯನ್ನು ಮೊನ್ನೆ ರಾತ್ರಿ ರಾಕಾನನಿಗೆ ಹೇಳಿದೆ. ಒಂಟೆಯ ಹೊಟ್ಟೆ ಅವನಿಗೆ ಬಹಳ ಹಿಡಿಸಿತು. ಒಳಗೆ ಕತ್ತಲಿರುತ್ತದೆಯೇ, ವಾಸನೆ ಬರುತ್ತದೆಯೇ, ಎಲ್ಲ ಕೇಳಿದ. ಮಲಗುವ ಮುಂಚೆ ಕೊನೆಯದಾಗಿ ಕೇಳಿದ: "ಅಮ್ಮಾ, ಸಾದನ ಅಪ್ಪಂಗೆ ಚಳಿ ಬರುತ್ತೆ ಅಂತ ಗೊತ್ತಿತ್ತಲ್ವಾ? ಮತ್ತೆ ಯಾಕೆ ತಡೀಲಿಲ್ಲ?"

ನಾನು ಅಡುಗೆಮನೆಗೆ ಎದ್ದುಹೋದೆ. ಅಮ್ಮ ಅಲ್ಲಿಂದಲೇ ಕೇಳಿಸಿಕೊಂಡಿದ್ದಳು. "ಅವತ್ತು ನಾನು ಪಾತ್ರೆ ತೊಳೀತಾ ಕೂಗಿದ್ದೆ, ರಸ್ತೆಗೆ ನಿಮ್ಮ ವಾದ ಕೇಳ್ಸುತ್ತೇನ್ರೋ ಅಂತ. ನನಗೆ ಐದು ನಿಮಿಷ ಯಾರೂ ಕೊಡ್ಲಿಲ್ಲ" ಎಂದಳು. ಏಳು ವರ್ಷದಲ್ಲಿ ಅವಳು ಆ ದಿನದ ಮಾತೆತ್ತಿದ್ದು ಇದೇ ಮೊದಲು. ಅವಳು ಈ ವರ್ಷ ಬೇಸಿಗೆಗೂ ಮೇಲಕ್ಕೆ, ಸಲ್ತಿಗೆ, ಬರುವುದಿಲ್ಲವಂತೆ. ನಿಮಗೆ ಹೇಳಲು ನನಗೆ ಹೇಳಿದ್ದಾಳೆ.

ನಿಮಗೆ ಒಂದು ವಿಷಯ ತಿಳಿಸುತ್ತೇನೆ. ನೀವು ಬೈಯಬಹುದು. ನಿಮ್ಮ ನಿಯಮವನ್ನು ನಾವು ಒಂದು ವರ್ಷವೂ ಪಾಲಿಸಲಿಲ್ಲ. ಮೊದಲ ಹಿಮ ಬಿದ್ದಾಗಲೆಲ್ಲ, ನೀವು ಮಳೆಮಾಪಕ ನೋಡಲು ಶಾಲೆಗೆ ಹೋದ ಕೂಡಲೇ, ಸುಹೈಲ್ ಮಾಳಿಗೆಗೆ ಹತ್ತುತ್ತಿದ್ದ, ನಾನು ಜೋನಿಯ ಜಾಡಿ ಕದ್ದು ತರುತ್ತಿದ್ದೆ. ಆ ದಿನವೂ ತಿಂದೆವು. ಎರಡು ಬಟ್ಟಲು. "ಮೂರನೇ ಹಿಮಕ್ಕೆ ಕಾದ್ರೆ ನನ್ನ ಮೀಸೇನೂ ಅಪ್ಪನ ಹಾಗೆ ಬೆಳ್ಳಗಾಗುತ್ತೆ ಕಣೇ" ಎಂದ. ಹಿಮ ವಿಷವಾಗಿರಲಿಲ್ಲ, ಅಪ್ಪ. ತುಂಬ ಚೆನ್ನಾಗಿತ್ತು.

ಇನ್ನು ನನಗೆ ಹವಾಮಾನ ಬರೆಯಬೇಡಿ. ಆ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ, ಇಲ್ಲವಾದರೆ ಅದು ನಿಜವೆಂದೇ ಇನ್ನೊಮ್ಮೆ ಬರೆಯಿರಿ. ಎರಡರಲ್ಲಿ ಯಾವುದಾದರೂ ಸರಿ. ಮಳೆ ಎಷ್ಟು ಮಿಲಿಮೀಟರು ಎಂದು ಇನ್ನೊಂದು ಪತ್ರ ಬಂದರೆ ನಾನು ಒಡೆಯುವುದಿಲ್ಲ.

ಹಿಯಾಮ್


ಸಲ್ತ್
೨೭ ಫೆಬ್ರವರಿ ೧೯೯೨

ಹಿಯಾಮಳಿಗೆ,

ಪತ್ರ ತಲುಪಿತು. ಹವಾಮಾನ ಬರೆಯಬೇಡವೆಂದಿದ್ದೀಯೆ. ಬೇರೇನು ಬರೆಯಬೇಕೆಂದು ಕುಳಿತು, ಇದು ನಾಲ್ಕನೆಯ ಹಾಳೆ.

ಅವನು ತಿಂದಿದ್ದನೆಂದು ತಿಳಿಸಿದ್ದಕ್ಕೆ ನಿನಗೆ ಋಣಿ.

ಮುಫ್ಲಿಹ್


ಸಲ್ತ್
೪ ಮಾರ್ಚ್ ೧೯೯೨

ಹಿಯಾಮಳಿಗೆ,

ಈ ಪತ್ರದಲ್ಲಿ ಹವಾಮಾನವಿದೆ. ಅದು ಸಾಕ್ಷ್ಯವಾದ್ದರಿಂದ ಬರುತ್ತಿದೆ. ನಿನ್ನ ನಿಷೇಧವನ್ನು ಮೀರುವ ಉದ್ದೇಶದಿಂದಲ್ಲ. ದಯವಿಟ್ಟು ಕೊನೆಯವರೆಗೆ ಓದು.

ನಿನ್ನೆ ಮೂರನೆಯ ಹಿಮ ಬಿತ್ತು. ಯಾರೂ ಎಣಿಸಿರಲಿಲ್ಲ. ಬಾದಾಮಿ ಮರಗಳು ಹೂ ಬಿಟ್ಟಾಗಿತ್ತು. ಯಾವುದು ಹೂ, ಯಾವುದು ಹಿಮ ಎಂದು ತಿಳಿಯದಂತೆ ಬಿತ್ತು. ಪಕ್ಕದ ಮನೆಯ ಅಜ್ಜಿ ಬೀದಿಗೇ ಇಳಿದು ಕೂಗಿದಳು: "ದೊಡ್ಡ ಕೆಂಡ ಮಾರ್ಚ್ ಮಾವನ ಚಳಿಗೆ ಎತ್ತಿಡಿ ಅಂತ ಬಡಕೊಂಡೆ, ಕೇಳಿದ್ರಾ? ಈಗ ಬನ್ರೋ ಮಕ್ಳಾ, ಮೂರನೇದು ಬಂತು, ತಿನ್ನಿ! ಅಬೂ ಸುಹೈಲ್, ನೀವೂ ಬನ್ನಿ, ಮೀಸೆ ಬೆಳ್ಳಗಿರೋರಿಗೆ ಮೊದಲ ಬಟ್ಟಲು!"

ಅವಳಿಗೆ ನಿನ್ನ ಪತ್ರದ ವಿಷಯ ಗೊತ್ತಿಲ್ಲ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಡಮಾಸ್ಕಸ್ಸಿನಲ್ಲಿ ಓದುವಾಗ ನಾನು ಮೂರು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಯ ಬಹುಮಾನ ಪಡೆದವನು. ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಮಾತು ಗೆಲ್ಲುವುದಕ್ಕೂ ಸಂಗತಿ ನಿಜವಾಗಿರುವುದಕ್ಕೂ ಸಂಬಂಧವಿಲ್ಲವೆಂಬುದು ಅಲ್ಲಿ ಹೆಮ್ಮೆಯ ವಿಷಯವಾಗಿತ್ತು. ಆ ಹೆಮ್ಮೆಯನ್ನು ನಾನು ಮನೆಗೆ ತಂದೆ. ನನ್ನ ಮಕ್ಕಳು ಯೋಚಿಸಲು ಕಲಿಯಲಿ ಎಂಬುದೇ ಉದ್ದೇಶವೆಂದು ಬೇರೆಯವರಿಗೆ ಹೇಳುತ್ತಿದ್ದೆ. ಊಟದ ಮೇಲೆ ಚಮಚ ಹಿಡಿದು ತೀರ್ಪುಗಾರನಾಗಿ ಕುಳಿತುಕೊಳ್ಳುವುದು ನನಗೆ ಇಷ್ಟವಾಗಿತ್ತೆಂಬುದನ್ನು ಯಾರಿಗೂ ಹೇಳಲಿಲ್ಲ.

ತೀರ್ಪುಗಾರನಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಎರಡು ಪಕ್ಷಗಳು ಮುಂದಿಟ್ಟದ್ದನ್ನು ಮಾತ್ರ ಅವನು ತೂಗಬೇಕು; ತಾನು ಬಲ್ಲದ್ದನ್ನು ತಕ್ಕಡಿಗೆ ಹಾಕಬಾರದು.

ಆ ದಿನ ಬೆಳಿಗ್ಗೆ ಎಂಟಕ್ಕೆ ನಾನು ಹಿಮವನ್ನು ಕರಗಿಸಿ ಅಳೆದಿದ್ದೆ. ನೀರು ಹದಿನಾಲ್ಕು. ಉಷ್ಣಮಾಪಕ ಸೊನ್ನೆಗಿಂತ ಎರಡು ಕೆಳಗಿತ್ತು, ಗಾಳಿ ಪೂರ್ವಕ್ಕೆ ತಿರುಗಿ ಆಕಾಶ ತೆರೆಯುತ್ತಿತ್ತು. ಹಗಲಿನ ಬಿಸಿಲಿಗೆ ಕರಗಿದ್ದೆಲ್ಲ ಸೂರ್ಯ ಮುಳುಗಿದ ಗಳಿಗೆಯಲ್ಲಿ ರಸ್ತೆಯ ಮೇಲೆ ಗಾಜಾಗುತ್ತದೆಂದು ನನಗೆ ತಿಳಿದಿತ್ತು. ಊಹೆಯಾಗಿ ಅಲ್ಲ, ಬರೆದುಕೊಂಡ ಚೀಟಿ ಅಂಗಿಯ ಜೇಬಿನಲ್ಲಿತ್ತು. ನೀನು ಮಾತಾಡಿದೆ. ಚೆನ್ನಾಗಿ ಮಾತಾಡಿದೆ, ಹಿಯಾಮ್. ಹದಿನೆಂಟು ವರ್ಷದವನಿಗೆ ಒಂದು ಬಿಳಿಯ ರಂಗಮಂದಿರ ಎಷ್ಟು ಬೇಕಾಗಿರುತ್ತದೆಂದು ನೀನು ಹೇಳಿದ್ದನ್ನು ಕೇಳಿ ನನಗೇ ಹೋಗಬೇಕೆನ್ನಿಸಿತು. ಎದುರು ಪಕ್ಷ ವಹಿಸಲು ಯಾರೂ ಇರಲಿಲ್ಲ. ನಿನ್ನ ತಾಯಿ ಅಡುಗೆಮನೆಯಿಂದ ಕೂಗಿದ್ದು ಕ್ರಮಬದ್ಧ ಮಾತಲ್ಲವೆಂದು ಬಿಟ್ಟೆ. ಜೇಬಿನ ಚೀಟಿಯನ್ನು ಎರಡು ಬೆರಳಿನಿಂದ ಮುಟ್ಟಿಕೊಂಡೇ ನಿನ್ನ ಪರವಾಗಿ ತೀರ್ಪು ಕೊಟ್ಟೆ. ನಾನು ನಿಯಮಬದ್ಧನಾಗಿದ್ದೆ.

ಮೂರನೆಯ ದಿನ ಹೆಂಗಸರ ಕೋಣೆಯ ಬಾಗಿಲಲ್ಲಿ ನಿಂತಾಗಲೂ ನಾನು ಅದೇ ಅಂಗಿಯಲ್ಲಿದ್ದೆ. ಚೀಟಿ ಅಲ್ಲೇ ಇತ್ತು. ಯಾರಾದರೂ ನನ್ನತ್ತ ಬೆರಳು ತೋರಿಸುವ ಮುಂಚೆ ನಾನು ನಿನ್ನತ್ತ ತೋರಿಸಿದೆ.

ಸಾದನ ತಂದೆ ಮಗನಿಗೆ ಕಂಬಳಿ ತೆಗೆದುಕೋ ಎಂದಾದರೂ ಹೇಳಿದ. ನಾನು ಅಷ್ಟೂ ಹೇಳಲಿಲ್ಲ. ಅವನು ಯಾಕೆ ತಡೆಯಲಿಲ್ಲವೆಂಬ ಮಗುವಿನ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು. ಅವನಿಗೆ ತಾನು ಸರಿ ಎನ್ನಿಸಿಕೊಳ್ಳುವುದು ಬೇಕಿತ್ತು ಎಂದು ಹೇಳು. ಅರ್ಥವಾಗುವ ವಯಸ್ಸು ಬರಲಿ.

ಹಿಮವನ್ನು ಅಳೆಯುವಾಗ ನಾವು ಸುರಿದಷ್ಟನ್ನು ಕಳೆಯಬೇಕೆಂದು ಬರೆದಿದ್ದೆ. ಏಳು ವರ್ಷ ಆ ಲೆಕ್ಕವನ್ನು ಮಾಡಲು ನನಗೆ ಧೈರ್ಯವಿರಲಿಲ್ಲ. ಈಗ ಮಾಡಿದ್ದೇನೆ. ನನ್ನದನ್ನು ಕಳೆದರೆ ನಿನ್ನ ಪಾಲಿಗೆ ಏನೂ ಉಳಿಯುವುದಿಲ್ಲ. ಒಂದು ಹನಿಯೂ ಇಲ್ಲ. ಆ ವಾಕ್ಯ ಸುಳ್ಳು. ಎಲ್ಲರ ಎದುರು ಹೇಳಿದ್ದನ್ನು ಪತ್ರದಲ್ಲಿ ಹಿಂದೆಗೆದುಕೊಂಡರೆ ಸಾಲದೆಂದು ಬಲ್ಲೆ. ಇಂದು ಬೆಳಿಗ್ಗೆ ಪೇಟೆಗೆ ಹೋಗಿ, ಒಲೆಯ ಸುತ್ತ ಕುಳಿತಿದ್ದ ಅದೇ ಜನರ ಮುಂದೆ ನಿಂತು, ಚೀಟಿಯ ವಿಷಯವನ್ನು ಹೇಳಿದೆ. ಬೇಕರಿಯವನು ಎದ್ದು ನನಗೆ ತನ್ನ ಕುರ್ಚಿ ಕೊಟ್ಟ. ನಾನು ಕೂರಲಿಲ್ಲ.

ಅಲ್ಲಿಂದ ಬಂದು ಮಾಳಿಗೆ ಹತ್ತಿದೆ. ಜೋನಿಯ ಜಾಡಿ ನೀವು ಕದಿಯುತ್ತಿದ್ದ ಕಪಾಟಿನಲ್ಲೇ ಇತ್ತು. ಬಟ್ಟಲಲ್ಲಿ ಹಿಮ ತುಂಬಿ, ಸುರಿದುಕೊಂಡು, ನಿಂತೇ ತಿಂದೆ. ಹಲ್ಲು ಜುಮ್ಮೆಂದಿತು. ನೀನು ಬರೆದದ್ದು ಸರಿ. ತುಂಬ ಚೆನ್ನಾಗಿದೆ.

ಶಾಲೆಯ ದೊಡ್ಡ ಫ್ಲಾಸ್ಕಿನಲ್ಲಿ ಅಡಕವಾಗಿ ಹಿಮ ತುಂಬಿ, ಕಂಬಳಿಯ ತುಂಡಿನಲ್ಲಿ ಸುತ್ತಿ ಔದೆಯ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಜೋನಿಯ ಜಾಡಿಯನ್ನೂ. ಮಗುವಿಗೆ. ಇದು ಮೂರನೆಯದು; ಭಯವಿಲ್ಲ.

ನಿನ್ನ ಉತ್ತರಕ್ಕೆ ನಾನು ಹಕ್ಕುದಾರನಲ್ಲ.

ಮುಫ್ಲಿಹ್


ಅಕಾಬ
೬ ಮಾರ್ಚ್ ೧೯೯೨

ಅಪ್ಪನಿಗೆ ಸಲಾಮು. ರಂಜಾನ್ ಶುಭವಾಗಲಿ.

ನಿನ್ನೆ, ಮೊದಲ ಉಪವಾಸದ ದಿನ, ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯಿದ್ದಾಗ ಔದೆ ಬಾಗಿಲು ಬಡಿದ. ಫ್ಲಾಸ್ಕನ್ನು ಕೂಸಿನಂತೆ ಎತ್ತಿಕೊಂಡಿದ್ದ.

"ತಗೋ ತಾಯಿ. ಉಪವಾಸದ ಬಾಯಲ್ಲಿ ಐದು ಗಂಟೆ ಲಾರಿ ಓಡ್ಸಿದೀನಿ, ಇದು ಪಕ್ಕದ ಸೀಟಲ್ಲಿ ಕುಳುಕುಳು ಅಂತ ಕುಲುಕ್ತಾನೇ ಇತ್ತು. ನಿಮ್ಮಪ್ಪ ಮನುಷ್ಯನೇನಮ್ಮಾ? ಅಡ್ಡದಾರೀಲಿ ಹೋಗ್ಬೇಡ, ಬ್ರೇಕ್ ಜೋರಾಗಿ ಹಾಕ್ಬೇಡ, ಬಿಸಿಲಲ್ಲಿ ನಿಲ್ಲಿಸ್ಬೇಡ! ನನ್ನ ಹೆಂಡತಿ ಬಸುರಿಯಾಗಿದ್ದಾಗ್ಲೂ ಯಾರೂ ಇಷ್ಟು ಹೇಳಿರ್ಲಿಲ್ಲ."

ಅವನನ್ನು ಉಪವಾಸ ಬಿಡಲು ಇಲ್ಲಿಯೇ ಉಳಿಸಿಕೊಂಡೆವು.

ನಿಮ್ಮ ಪತ್ರವನ್ನು ನಾನು ಸ್ನಾನದ ಕೋಣೆಯಲ್ಲಿ ಓದಿದೆ. ಅಮ್ಮ ಹೊರಗೆ ಕೈಚಾಚಿ ನಿಂತಿದ್ದಳು. ಓದಿ, ಮಡಚಿ, ತನ್ನ ಉಡುಪಿನೊಳಗೆ ಇಟ್ಟುಕೊಂಡಳು. ವಾಪಸು ಕೊಟ್ಟಿಲ್ಲ.

ಅಜಾನ್ ಆದ ಮೇಲೆ ಮುಚ್ಚಳ ತೆಗೆದೆವು. ಮುಕ್ಕಾಲು ಪಾಲು ನೀರಾಗಿತ್ತು. ಮಧ್ಯದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಒಂದು ಉಂಡೆ ತೇಲುತ್ತಿತ್ತು. ರಾಕಾನ್ ಮೂಗು ಇಟ್ಟು ನೋಡಿದ.

"ಇದೇನಾ? ಇದು ನಮ್ಮ ಫ್ರಿಜ್ಜಲ್ಲೂ ಇದೆ."

"ಥೂ ಕತ್ತೆ! ಇದು ಆಕಾಶದ್ದು ಕಣೋ" ಎಂದಳು ಅಮ್ಮ.

"ಆಕಾಶದ್ದು ಅಂತ ಹೇಗೆ ಗೊತ್ತು?"

"ನಿಮ್ಮಜ್ಜ ಅಳೆದು ಕಳಿಸಿದ್ದಾರೆ. ಅವರು ಅಳತೆ ತಪ್ಪಲ್ಲ" ಎಂದು ಹೇಳಿ, ಜೋನಿಯ ಜಾಡಿ ತೆಗೆಯುತ್ತ, "ಬೇರೇದೆಲ್ಲ ತಪ್ತಾರೆ" ಎಂದಳು.

ಅವಳೇ ಎಲ್ಲರ ಲೋಟಕ್ಕೂ ಬಗ್ಗಿಸಿ ಜೋನಿ ಕಲಸಿ ಕೊಟ್ಟಳು. ಇವರಿಗೊಂದು, ಔದೆಗೊಂದು, ನನಗೊಂದು. ಉಂಡೆಯನ್ನು ರಾಕಾನನ ಅಂಗೈಯಲ್ಲಿ ಇಟ್ಟಳು. ಕರಗುವವರೆಗೂ ಅವನು ಕೈ ಅಲ್ಲಾಡಿಸಲಿಲ್ಲ. ಆಮೇಲೆ ನೆಕ್ಕಿದ. ಅಮ್ಮ ಇನ್ನೊಂದು ಲೋಟ ತುಂಬಿ ಮೇಜಿನ ಮೇಲೆ ಇಟ್ಟಳು. ಅದನ್ನು ಯಾರೂ ಮುಟ್ಟಲಿಲ್ಲ, ಯಾರದೆಂದು ಔದೆಯೂ ಕೇಳಲಿಲ್ಲ.

ಕ್ಷಮಿಸಿದ್ದೇನೆಂದು ಬರೆಯಲು ಹೊರಟೆ. ಇನ್ನೂ ಬರೆಯಲಾಗುತ್ತಿಲ್ಲ, ಸುಳ್ಳು ಬರೆದು ನಿಮ್ಮ ಕೈಗೆ ಸಿಕ್ಕಿಬೀಳುವುದಕ್ಕಿಂತ ಬಿಟ್ಟುಬಿಡುವುದು ಒಳ್ಳೆಯದು. ಆದರೆ ನಿನ್ನೆ ರಾತ್ರಿ ಮೊದಲ ಸಲ ನನ್ನ ಮಗನಿಗೆ ಅವನ ಸೋದರಮಾವನ ಬಗ್ಗೆ ಹೇಳಿದೆ. ಮೀಸೆಯ ಮಾತು ಹೇಳಿದಾಗ ಇಬ್ಬರೂ ನಕ್ಕೆವು.

ಅಮ್ಮ ಹಬ್ಬಕ್ಕೆ ಮೇಲೆ ಸಲ್ತಿಗೆ ಹೋಗೋಣವೆನ್ನುತ್ತಾಳೆ. ರಸ್ತೆ ಹೇಗಿದೆಯೆಂದು ತಿಳಿಸಿ. ನಿಮಗೆ ಗೊತ್ತಿರುವುದನ್ನೆಲ್ಲ ತಿಳಿಸಿ.

ಇನ್ನು ಹವಾಮಾನ ಬರೆಯಬಹುದು.

ಹಿಯಾಮ್


ಸಲ್ತ್
೨೮ ಮಾರ್ಚ್ ೧೯೯೨

ಹಿಯಾಮ್,

ಕೇಳಿದ್ದಕ್ಕೆ ಉತ್ತರ, ನನಗೆ ಗೊತ್ತಿರುವುದೆಲ್ಲ.

ಬೆಳಿಗ್ಗೆ ಎಂಟಕ್ಕೆ ಉಷ್ಣಾಂಶ ಒಂಬತ್ತು, ನೆರಳಿನಲ್ಲಿ. ಗಾಳಿ ಪಶ್ಚಿಮದಿಂದ, ಮೆಲ್ಲಗೆ. ಹತ್ತು ದಿನದಿಂದ ಮಳೆಯಿಲ್ಲ. ಮಾಳಿಗೆಯ ಉತ್ತರದ ಮೂಲೆಯಲ್ಲಿದ್ದ ಕೊನೆಯ ಹಿಮ ಕಳೆದ ವಾರ ಹೋಯಿತು. ಬಾದಾಮಿ ಮರಗಳು ಈ ವರ್ಷ ಕಾಯಿ ಕಟ್ಟುವುದಿಲ್ಲ, ಹೂವೆಲ್ಲ ಹಿಮಕ್ಕೆ ಸುಟ್ಟುಹೋಗಿವೆ. ಮನೆ ತಣ್ಣಗಿದೆ, ಮಗುವಿಗೆ ಉಣ್ಣೆಯ ಕಾಲುಚೀಲ ತನ್ನಿ.

ಮೊನ್ನೆ ಶಾಲೆ ಬಿಟ್ಟ ಮೇಲೆ ಔದೆಯ ಲಾರಿಯಲ್ಲಿ ಕುಳಿತು ಸುವೈಲಿಹ್ ತಿರುವಿಗೆ ಹೋಗಿದ್ದೆ. ಆ ದಿನದ ನಂತರ ಎಂದೂ ಹೋಗಿರಲಿಲ್ಲ. ಇಳಿದು, ಆ ಕಡೆಯಿಂದ ಈ ಕಡೆಗೆ ಎರಡು ಸಲ ನಡೆದೆ. ಸೂರ್ಯ ಮುಳುಗಿ ಕತ್ತಲಾಗುವವರೆಗೆ ಅಲ್ಲೇ ನಿಂತು, ಬಗ್ಗಿ, ಡಾಂಬರನ್ನು ಕೈಯಿಂದ ಮುಟ್ಟಿ ನೋಡಿದೆ.

ರಸ್ತೆ ಒಣಗಿದೆ. ಬನ್ನಿ.

ಅಬೂ ಸುಹೈಲ್
ಅಬೂ ಹಿಯಾಮ್